ಲಕ್ಕವ್ವನ ನಾಲಿಗೆ, ನೆಲಬೇವಿನ ಕಷಾಯ

ಸಿಂದಗಿ ಬಸ್‌ಸ್ಟ್ಯಾಂಡಿನ ಎದುರು ಲಕ್ಕವ್ವ ಬೆಳಿಗ್ಗೆ ಕಷಾಯ ಮಾರಲು ಶುರುಮಾಡಿ ಏಳು ವರ್ಷವಾಯಿತು. ಅದಕ್ಕೂ ಮೊದಲು ಅದೇ ತಳ್ಳುಗಾಡಿಯಲ್ಲಿ ಚಹಾ ಮಾರುತ್ತಿದ್ದಳು. ಮಾರುತ್ತಿದ್ದಳು ಎನ್ನುವುದೂ ದೊಡ್ಡ ಮಾತೇ. ಅವಳ ಚಹಾ ಒಮ್ಮೆ ಕುಡಿದವರು ಮತ್ತೆ ಆ ಕಡೆ ಸುಳಿಯುತ್ತಿರಲಿಲ್ಲ. ಬಸ್ಸು ಬದಲಿಸಲು ಇಳಿದ ಪರಊರಿನವರೇ ಗಿರಾಕಿಗಳು. ಪುಡಿ ಸುರಿದು ಕುದಿಯಲು ಇಟ್ಟರೆ ಅದು ಕರ್ರಗಾಗುವ ತನಕ ಅವಳಿಗೆ ಇಳಿಸುವ ನೆನಪಾಗುತ್ತಿರಲಿಲ್ಲ.

"ಯಕ್ಕಾ, ಇದು ಚಹಾನೋ ಡಾಂಬರೋ?" ಎಂದು ಲಾರಿ ಡ್ರೈವರ್ ಮುಕ್ತಾರ ಒಂದು ದಿನ ಕೇಳಿಯೇಬಿಟ್ಟ.

ಲಕ್ಕವ್ವ ತಾನೂ ಒಂದು ಕಪ್ಪು ಕುಡಿದು ನೋಡಿದಳು. "ಏನ್ ಆಗೇತೋ ಇದಕ್ಕ? ಛಲೋ ಐತಲ್ಲ!" ಎಂದಳು. ಅವಳಿಗೆ ನಿಜವಾಗಿಯೂ ಹಾಗೇ ಅನಿಸಿತ್ತು. ಜನರಿಗೆ ಸೊಕ್ಕು, ಅಷ್ಟೇ ಎಂದುಕೊಂಡಳು.

ಮನೆಯಲ್ಲೂ ಇದೇ ಕತೆ. ಒಗ್ಗರಣೆಯ ಮೆಂತ್ಯ ಕರಕಾಗುತ್ತಿತ್ತು, ಬೆಳ್ಳುಳ್ಳಿ ಸೀಯುತ್ತಿತ್ತು, ಕಹಿ ಸೌತೆಕಾಯಿಯೇ ಹುಡುಕಿಕೊಂಡು ಬಂದು ಪಚಡಿಯಾಗುತ್ತಿತ್ತು. ಗಂಡ ಭೀಮಶ್ಯಾ ಕಾಲುವೆ ಕಚೇರಿಯಲ್ಲಿ ವಾಚಮನ್ ಆಗಿದ್ದು ನಿವೃತ್ತನಾದವನು. ತಲೆ ತಗ್ಗಿಸಿ, ಹಾಕಿದ್ದನ್ನು ತುಟಿಪಿಟಕ್ಕೆನ್ನದೆ ತಿಂದು ಏಳುತ್ತಿದ್ದ. ಇಂಥ ಗಂಡ ಏಳು ಜನ್ಮಕ್ಕೂ ಸಿಗಲಿ ಎಂದು ಲಕ್ಕವ್ವ ದೇವರಿಗೆ ಕೈಮುಗಿಯುತ್ತಿದ್ದಳು.

ಒಂದು ಮಳೆಗಾಲ ಊರ ತುಂಬ ಜ್ವರ ಬಂತು. ಅಗರಖೇಡದ ಅವಳ ತವರಿನಲ್ಲಿ ಜ್ವರ ಬಿಟ್ಟ ಮೇಲೆ ನೆಲಬೇವಿನ ಕಷಾಯ ಕೊಡುವ ರೂಢಿ. ಬಾಯಿರುಚಿ ತಿರುಗುತ್ತದೆ, ಹಸಿವೆಯಾಗುತ್ತದೆ, ಹೊಟ್ಟೆಯ ಹುಳ ಸಾಯುತ್ತವೆ ಎಂದು ಅವಳ ತಾಯಿ ಹೇಳುತ್ತಿದ್ದಳು. ಲಕ್ಕವ್ವ ಗಂಡನಿಗೆಂದು ಕುದಿಸಿದ್ದನ್ನು ಪಕ್ಕದ ಮನೆಯವರು ಕೇಳಿ ಒಯ್ದರು. ಅವರಿಂದ ಮತ್ತೊಬ್ಬರು ಕೇಳಿದರು. ತಿಂಗಳೊಪ್ಪತ್ತಿನಲ್ಲಿ ಚಹಾದ ಪಾತ್ರೆ ಕಷಾಯದ ಪಾತ್ರೆಯಾಯಿತು. ಎಷ್ಟು ಕುದಿಸಿದರೂ, ಎಷ್ಟು ಕಹಿಯಾದರೂ ಬೈಯುವವರಿಲ್ಲ. ಬೈಯುವುದಿರಲಿ, "ಏನ್ ಕಡಕ್ ಮಾಡಿಯವ್ವಾ!" ಎಂದು ಹೊಗಳಿದರು. ಜೀವಮಾನದಲ್ಲಿ ಮೊದಲ ಬಾರಿ ಅವಳ ಕೈರುಚಿಗೆ ಹೆಸರು ಬಂತು.

ಗಾಡಿಯ ಮುಂದೆ ಅವಳದೇ ಕಾಯಿದೆ. ಖಾಲಿ ಹೊಟ್ಟೆಯಲ್ಲಿ ಸಣ್ಣ ಗಿಲಾಸು, ಒಂದೇ. ವಾರಕ್ಕೆ ಮೂರು ದಿನ ಸಾಕು. ಬಸುರಿ ಹೆಂಗಸರಿಗೆ ಬಿಲ್ಕುಲ್ ಇಲ್ಲ. ಕುಡಿದವರು ಕಣ್ಣು ಮುಚ್ಚಿ, ಮೂಗು ಸೊಟ್ಟ ಮಾಡಿ, ಕಾಲು ನೆಲಕ್ಕೆ ಬಡಿಯುವುದನ್ನು ಕಂಡು ಅವಳಿಗೆ ನಗು. ತಾನು ಮಾತ್ರ ಅದೇ ಕಷಾಯವನ್ನು ಮಜ್ಜಿಗೆಯಂತೆ ಗಟಗಟ ಕುಡಿಯುತ್ತಿದ್ದಳು. "ಏನೋ ತಪಸ್ಸು ಮಾಡಿರಬೇಕು ಬಿಡ್ರಿ ಈಕಿ," ಎಂದು ಜನ ಮೆಚ್ಚುತ್ತಿದ್ದರು.

ಖಾಯಂ ಗಿರಾಕಿ ಎಂದರೆ ನಿವೃತ್ತ ಶಿಕ್ಷಕ ಗೋವಿಂದ ಮಾಸ್ತರರು. ಅವರಿಗೆ ಸಕ್ಕರೆ ಕಾಯಿಲೆ. ಒಂದು ದಿನ ಹತ್ತು ಜನರ ಎದುರು, "ಲಕ್ಕವ್ವಾ, ನಿನ್ನ ಕಷಾಯ ನಂಬಿ ಸಕ್ಕರಿ ಗುಳಿಗಿ ಬಿಟ್ಟೀನಿ ನೋಡು. ಎಂಟು ದಿನಾ ಆತು," ಎಂದು ಸಾರಿದರು. ಲಕ್ಕವ್ವ ಅವರ ಕೈಯಿಂದ ಗಿಲಾಸು ಕಸಿದುಕೊಂಡಳು.

"ಏನ್ ಮಾಸ್ತರ್ರ, ನನ್ನ ಹೆಸರಿಗೆ ಸಾಯಬೇಕಂತ ಮಾಡೀರೇನು? ಇದು ಬರೇ ಕಷಾಯ ಐತಿ. ಮೊದಲ ಡಾಕ್ಟರ್ ಕಡೆ ಹೋಗ್ರಿ. ಅವರು ಹೂಂ ಅಂದ ಮ್ಯಾಲ ಇಲ್ಲಿ ಬರ್ರಿ."

ಮಾಸ್ತರರು ಗೊಣಗುತ್ತಲೇ ಹೋದರು. ಮತ್ತೆ ಗುಳಿಗೆ ಶುರುವಾಯಿತು. ಸಕ್ಕರೆ ತೀರಾ ಇಳಿದುಹೋಗದಂತೆ ಆಗಾಗ ತಪಾಸಣೆ ಮಾಡಿಸಿಕೊಳ್ಳುವುದಾದರೆ ವಾರಕ್ಕೆರಡು ಸಲ ಕಷಾಯ ಕುಡಿಯಲಿ ಎಂದು ಡಾಕ್ಟರರು ಒಪ್ಪಿದರು.

ಹೀಗಿರುವಾಗ ಹೋದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಮಾಸ್ತರರು ಎಂದಿನಂತೆ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಗುಟುಕರಿಸಿದರು. ಒಂದು ಕಣ್ಣು ತೆರೆದರು. ಇನ್ನೊಂದು ಗುಟುಕು ಕುಡಿದರು. ಇನ್ನೊಂದು ಕಣ್ಣನ್ನೂ ತೆರೆದರು.

"ಲಕ್ಕವ್ವಾ, ಇವತ್ತು ಭಾಳ ಛಂದ ಅದಲ್ಲ ಇದು!"

ಹಿಂದಿದ್ದವರೂ ಕುಡಿದು ನೋಡಿದರು. ಯಾರ ಮುಖವೂ ಸೊಟ್ಟಗಾಗಲಿಲ್ಲ. ಒಬ್ಬ ಇನ್ನೊಂದು ಗಿಲಾಸು ಬೇಕೆಂದ. "ನೀರು ಬೆರಸ್ಯಾಳ್ರಿ," ಎಂದು ಮುಕ್ತಾರ ಪಿಸುಗುಟ್ಟಿದ. ಅದು ಅವಳ ಕಿವಿಗೆ ಬಿತ್ತು.

"ಯಾವನೋ ಅಂದಾಂವ?" ಎನ್ನುತ್ತ ಲಕ್ಕವ್ವ ತುಂಬಿದ ಗಿಲಾಸನ್ನು ಎತ್ತಿ ಕುಡಿದಳು. "ದಿನದ್ದು ಹ್ಯಾಂಗಿತ್ತೋ ಹಂಗ ಐತಿ! ಒಂದು ಹನಿ ಫರಕ್ ಇಲ್ಲ!"

ಅಷ್ಟರಲ್ಲಿ ಅವಳ ಮೊಬೈಲು ರಿಂಗಾಯಿತು. ಅಗರಖೇಡದಿಂದ ತಮ್ಮ ಗುರುಲಿಂಗಪ್ಪ. ನೆಲಬೇವು ಒಣಗಿಸಿ, ಕುಟ್ಟಿ, ಚೀಲ ತುಂಬಿ ಕಳಿಸುವವನು ಅವನೇ. ಕೈ ಒದ್ದೆಯಾಗಿದ್ದರಿಂದ ಅವಳು ಸ್ಪೀಕರ್ ಒತ್ತಿದಳು.

"ಅಕ್ಕಾ, ನಿನ್ನೆಯಿಂದ ಎಮ್ಮಿ ಮೇವು ಮುಟ್ಟವಲ್ದು. ಹಾಲೂ ಕೊಡವಲ್ದು. ಏನ್ ಬ್ಯಾನಿ ಬಂತೋ ಅಂತ ಅಂಜಿದ್ವಿ. ಕಡೀಕ ನಾನ ಆ ಹೊಟ್ಟು ಒಂದು ಚಿಮಟಿ ಬಾಯಾಗ ಹಾಕ್ಕೊಂಡೆ. ಇನ್ನಾ ಉಗಳಾಕತ್ತೇನಿ! ಚೀಲ ಅದಲಿಬದಲಿ ಆಗ್ಯಾವ. ನೆಲಬೇವು ಎಮ್ಮಿ ಮುಂದ ಐತಿ. ನಿನ್ನ ಕಡೆ ಬಂದದ್ದು ಎಮ್ಮಿಗೆ ಹಾಕೋ ಹೆಸರುಕಾಳಿನ ಹೊಟ್ಟು. ಅದನ್ನ ಕುದಿಸಿಲ್ಲ ಹೌದಿಲ್ಲೋ?"

ಮಾಸ್ತರರು ತಮ್ಮ ಖಾಲಿ ಗಿಲಾಸನ್ನು ನೋಡಿಕೊಂಡು ಹೇಳಿದರು:

"ಅಂದ್ರ ಎಮ್ಮಿಗೆ ತಿಳಿದದ್ದು ನಿನಗ ತಿಳೀಲಿಲ್ಲ!"

ನಗು ಬಸ್‌ಸ್ಟ್ಯಾಂಡಿನ ಒಳಗೂ ಕೇಳಿಸಿತು. ಆದರೆ ಮಾಸ್ತರರು ಮಾಸ್ತರರೇ. ನಗುತ್ತಲೇ ಪಕ್ಕದ ಬೇವಿನ ಮರದಿಂದ ನಾಲ್ಕು ಎಲೆ ಹರಿದು ತಂದರು. "ತಿನ್ನು ನೋಡೋಣ." ಲಕ್ಕವ್ವ ವೀಳ್ಯದೆಲೆಯಂತೆ ಅಗಿದಳು. "ಹಸಿ ಹುಲ್ಲಿನಂಗ ಐತಿ. ಯಾಕ್ರಿ?" ಎಂದಳು. ಈ ಸಲ ಯಾರೂ ನಗಲಿಲ್ಲ.

ಮರುದಿನ ಮಾಸ್ತರರೇ ಅವಳನ್ನು ತಮ್ಮ ಡಾಕ್ಟರರ ಬಳಿ ಕರೆದೊಯ್ದರು. ಕೆಲವರ ಕಣ್ಣಿಗೆ ಕೆಲವು ಬಣ್ಣ ತಿಳಿಯದ ಹಾಗೆ ಕೆಲವರ ನಾಲಿಗೆಗೆ ಕಹಿ ಹತ್ತುವುದಿಲ್ಲ, ಹುಟ್ಟಿನಿಂದಲೇ ಹಾಗಿರಬಹುದು, ಹೆದರುವಂಥದ್ದಲ್ಲ ಎಂದು ಡಾಕ್ಟರರು ಹೇಳಿದರು. ಲಕ್ಕವ್ವನಿಗೆ ಹೆದರಿಕೆಯಾಗಲಿಲ್ಲ, ನಾಚಿಕೆಯಾಯಿತು. ಐವತ್ತೆರಡು ವರ್ಷ ಜನರ ಸೊಟ್ಟ ಮುಖಗಳನ್ನೆಲ್ಲ ನಾಟಕ ಎಂದುಕೊಂಡಿದ್ದಳಲ್ಲ!

ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಗಂಡನಿಗೆ ಎಲ್ಲವನ್ನೂ ಹೇಳಿದಳು. ಭೀಮಶ್ಯಾ ಬಾಯಿಗೆ ಒಯ್ಯುತ್ತಿದ್ದ ರೊಟ್ಟಿಯ ತುತ್ತನ್ನು ತಾಟಿನಲ್ಲಿ ಇಟ್ಟ.

"ಅಂದ್ರ... ನೀ ಸಿಟ್ಟಿಲೆ ಅಡಗಿ ಕಹಿ ಮಾಡತಿದ್ದಿಲ್ಲೇನು?"

"ಯಾತರ ಸಿಟ್ಟು?"

ಭೀಮಶ್ಯಾ ಅತ್ತಿತ್ತ ನೋಡಿ ಬಾಯಿಬಿಟ್ಟ. ಮದುವೆಯಾದ ಮೊದಲ ವರ್ಷ ನಾಗರಪಂಚಮಿ ಹಬ್ಬಕ್ಕೆ ಅವಳನ್ನು ತವರಿಗೆ ಕರೆದೊಯ್ಯುವೆನೆಂದು ಹೇಳಿ, ಗೆಳೆಯರ ಸಂಗಡ ಕುಸ್ತಿ ನೋಡಲು ತಾಳಿಕೋಟೆಗೆ ಹೋಗಿದ್ದನಂತೆ. ಸಾಹೇಬರು ರಜೆ ಕೊಡಲಿಲ್ಲ ಎಂದು ಸುಳ್ಳು ಹೇಳಿದ್ದನಂತೆ. ಆ ವಾರವೇ ತಾಟಿಗೆ ಬಂದದ್ದು ಬಾಯಿಗಿಡಲಾಗದ ಹಾಗಲಕಾಯಿ ಪಲ್ಯ. ಹೆಂಡತಿಗೆ ಗೊತ್ತಾಗಿದೆ, ಬಾಯಿಂದ ಅನ್ನದೆ ಪಲ್ಯದಲ್ಲಿ ಅಂದಿದ್ದಾಳೆ ಎಂದು ಅವನು ತಿಳಿದ.

"ಅಲ್ಲಿಂದ ಊಟ ಕಹಿ ಆದಾಗೆಲ್ಲ ಕುಂತು ವಿಚಾರ ಮಾಡ್ತಿದ್ದೆ, ಏನ್ ತಪ್ಪು ಮಾಡೇನಿ ಅಂತ. ಹುಡುಕಿದ್ರ ಏನಾರ ಒಂದು ಸಿಗತಿತ್ತು. ಹಂಗ ತಂಬಾಕ ಬಿಟ್ಟೆ. ಇಸ್ಪೀಟ ಬಿಟ್ಟೆ. ಬಾಜೂ ಮನಿ ಕಾಸಿಂಸಾಬನ ಸಂಗಡ ಜಗಳಾ ಬಿಟ್ಟೆ."

ಲಕ್ಕವ್ವ ನಗಬೇಕೆಂದು ಬಾಯಿ ತೆರೆದಳು. ನಡುವೆಯೇ ಏನೋ ಹೊಳೆಯಿತು. "ರಜಾ ಕೊಡಲಿಲ್ಲ ಅಂದಿದ್ರಲ್ಲ... ಕುಸ್ತಿಗೆ ಹೋಗಿದ್ರಿ?"

ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿ ಅವಳಿಗೆ ಗಂಡನ ಮೇಲೆ ನಿಜವಾದ ಸಿಟ್ಟು ಬಂತು. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಭೀಮಶ್ಯಾ ತಾನಾಗಿಯೇ ಅವಳನ್ನು ಅಗರಖೇಡದ ಬಸ್ಸು ಹತ್ತಿಸಿ, ತಾನೂ ಹತ್ತಿದ. ಬರುವಾಗ ಸರಿಯಾದ ಚೀಲವನ್ನು ಅವನೇ ಹೊತ್ತು ತಂದ.

ಈಗ ಬೆಳಿಗ್ಗೆ ಗಾಡಿಯ ಪಕ್ಕ ಅವನಿಗೊಂದು ಸ್ಟೂಲು ಇದೆ. ಮೊದಲ ಚಮಚ ಅವನದು. ಅವನು ಬಾಯಿಗಿಟ್ಟು ಕಣ್ಣು ಕಿವುಚಿ, ಹೆಗಲು ಕಿವಿಗೆ ತಾಗಿಸಿ, "ಅಬ್ಬಬ್ಬಾ!" ಎಂದ ಮೇಲೆಯೇ ಜನ ಗಿಲಾಸಿಗೆ ಕೈ ಚಾಚುತ್ತಾರೆ.

ಮೊನ್ನೆ ಗಿರಾಕಿ ಕಡಿಮೆಯಿದ್ದ ಹೊತ್ತು ಲಕ್ಕವ್ವ ಮೆಲ್ಲಗೆ ಕೇಳಿದಳು: "ಖರೇ ಹೇಳ್ರಿ, ಕಹಿ ಅಂದ್ರ ಹ್ಯಾಂಗಿರತೈತಿ?"

ಭೀಮಶ್ಯಾ ಚಮಚವನ್ನು ಮತ್ತೆ ಪಾತ್ರೆಗೆ ಅದ್ದಿದ. "ಬಾಯಿಲೆ ಹೇಳಾಕ ಬರಾಂಗಿಲ್ಲ ಅದು. ತಡಿ," ಎಂದು ಇನ್ನೊಂದು ಚಮಚ ಕುಡಿದು ಮುಖವನ್ನು ಅವಳತ್ತ ತಿರುಗಿಸಿದ. ಲಕ್ಕವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.