ನಾಲ್ಕನೆಯ ಮೇಜಿಲ್ಲದ ಗಂಜಿ ಅಂಗಡಿ

ಸೂ-ಲಿಯೆನ್ ಪುಕ್ಕಲು ಹೆಂಗಸು. ಗಂಟಲು ದೊಡ್ಡದಾಗಿದ್ದರಿಂದ ತೈನಾನ್‌ನ ಬೆಳಗಿನ ಮಾರುಕಟ್ಟೆಯಲ್ಲಿ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಹಳಸಿದ ಮೀನು ತಂದವನ ಮರ್ಯಾದೆಯನ್ನು ಬೀದಿಗೆಲ್ಲ ಕೇಳುವಂತೆ ತೆಗೆಯುತ್ತಿದ್ದಳು. ಆದರೆ ಅವಳ ಮೀನುಗಂಜಿ ಅಂಗಡಿಯಲ್ಲಿ ಮೂರನೆಯ ಮೇಜಿನ ಪಕ್ಕದ್ದು ಐದನೆಯ ಮೇಜು. ನಾಲ್ಕು ಸಾವಿನ ಸಂಖ್ಯೆ; ಅವರ ನುಡಿಯಲ್ಲಿ ಎರಡೂ ಪದ ಹೆಚ್ಚುಕಡಿಮೆ ಒಂದೇ ಥರ ಕೇಳುತ್ತವೆ. ಅದನ್ನು ಬಾಯಲ್ಲಿ ಆಡುವುದಕ್ಕೂ ಅವಳು ಅಂಜುತ್ತಿದ್ದಳು.

“ಅಕ್ಕಾ, ನಡುವಿನ ಮೇಜು ಕದ್ದೋರು ಯಾರು?” ಎಂದು ಪಕ್ಕದ ಹಂದಿಮಾಂಸದವನು ಕೆಣಕುತ್ತಿದ್ದ.

“ನಿನ್ನ ಬಾಯಿಗೆ ಬೆಂಕಿ ಹಾಕ! ಮಾಂಸ ಕೊಚ್ಚೋದು ನೋಡ್ಕೋ.”

ಮಗ, ಸೊಸೆ ಇಬ್ಬರೂ ಪಾಳಿ ಕೆಲಸದವರು. ಮೊಮ್ಮಗಳು ಪೇ-ಯುನ್ ಬೆಳೆದದ್ದು ಈ ಅಂಗಡಿಯಲ್ಲೇ. ಹಿಂದಿನ ವರ್ಷ ಕಣ್ಣೆದುರೇ ಸ್ಕೂಟರ್ ಅಪಘಾತವಾಗಿ ಮಗು ಬೆಚ್ಚಿದಾಗ, ಸೂ-ಲಿಯೆನ್ ಆ ಊರಿನ ಎಲ್ಲ ಅಜ್ಜಿಯರೂ ಮಾಡುವುದನ್ನೇ ಮಾಡಿದಳು. ಗುಡಿಗೆ ಕರೆದೊಯ್ದು, ಮಗುವಿನ ಅಂಗಿಯ ಮೇಲೆ ಊದುಬತ್ತಿ ಆಡಿಸಿ, ಹೆದರಿ ಓಡಿದ ಜೀವವನ್ನು ಹೆಸರು ಹಿಡಿದು ಕರೆಸಿದಳು. ಧೂಪದ ಬೂದಿ, ಹಿತ್ತಾಳೆ ಬಿಲ್ಲೆ ಇಟ್ಟು ಹೊಲಿದ ಕೆಂಪು ಚೀಲವನ್ನು ಕೊರಳಿಗೆ ಹಾಕಿಸಿದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ಇದನ್ನ ಬಿಚ್ಚಿದ್ರೆ ಅಜ್ಜಿಗೆ ಕೆಡುಕಾಗತ್ತೆ” ಎಂದೂ ಸೇರಿಸಿದಳು.

ಕೆಲವೇ ವಾರಗಳಲ್ಲಿ ಮಗು ಆ ಚೀಲವನ್ನು ಮುಟ್ಟಿ ಮುಟ್ಟಿ ಕತ್ತಿನ ಚರ್ಮ ಕಿತ್ತುಕೊಂಡಿತು. ಊಟಕ್ಕೆ ಕೂತರೆ ನಾಲ್ಕನೆಯ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಉಗುಳಿ ಮೊದಲಿಂದ ಶುರು ಮಾಡಬೇಕು. ದಿನವಿಡೀ ಒಂದೇ ಪ್ರಶ್ನೆ.

“ಅಜ್ಜಿ, ನಿಂಗೇನೂ ಆಗಲ್ಲ ಅಲ್ವಾ?”

“ಆಗಲ್ಲ ಕಣೆ.”

ಒಂದು ಬಟ್ಟಲು ತೊಳೆಯುವಷ್ಟರಲ್ಲಿ ಮತ್ತೆ ಅದೇ.

ಗೀಳು ಕಾಯಿಲೆ ಎಂದರು ಡಾಕ್ಟರ್ ಜುವಾಂಗ್, ಕೂದಲು ಗಿಡ್ಡ ಕತ್ತರಿಸಿದ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಚಿಕಿತ್ಸೆ ಆರಂಭಿಸಿದರು. ಇಂಥ ಮಕ್ಕಳ ಮೆದುಳಿನ ಅಧ್ಯಯನಕ್ಕಾಗಿ ಒಂದು ಎಂಆರ್‌ಐ ತೆಗೆಯಬಹುದೇ ಎಂದೂ ಕೇಳಿದರು. ಮಗ, ಸೊಸೆ ಒಪ್ಪಿದರು, ಮಗುವೂ ತಲೆಯಾಡಿಸಿತು. ಸೂ-ಲಿಯೆನ್ ಕುರ್ಚಿಯನ್ನು ಡಾಕ್ಟರ ಹತ್ತಿರಕ್ಕೆ ಎಳೆದುಕೊಂಡಳು.

“ಇವಳ ಮೆದುಳು ತೂತಾಗಿದ್ಯೇನಮ್ಮ?”

“ತೂತೂ ಇಲ್ಲ, ಹುಣ್ಣೂ ಇಲ್ಲ ಅಜ್ಜಿ. ಇಂಥ ನೂರಾರು ಮಕ್ಕಳ ಚಿತ್ರ ಒಟ್ಟಿಗಿಟ್ಟು, ಬೇರೆ ಮಕ್ಕಳದ್ದಕ್ಕೆ ಹೋಲಿಸಿದ್ರೆ, ಕೆಲವು ಭಾಗ ಒಂಚೂರು ದೊಡ್ಡದೋ ಚಿಕ್ಕದೋ ಕಾಣಬಹುದು. ಒಂದೇ ಮಗುವಿನ ಚಿತ್ರದಿಂದ ಏನೂ ಹೇಳೋಕಾಗಲ್ಲ.”

“ಯಾರಿಂದ ಹಂಗಾಗತ್ತೆ?”

ಡಾಕ್ಟರ್ ಅವಳ ಮುಖವನ್ನು ನೋಡಿದರು. “ಯಾರೋ ಆಡಿದ ಒಂದು ಮಾತಿಂದ ಬರೋ ಕಾಯಿಲೆ ಅಲ್ಲ ಇದು. ಆದ್ರೆ ಅವಳು ಕೇಳಿದಾಗೆಲ್ಲ ‘ಆಗಲ್ಲ’ ಅಂತೀರಲ್ಲ, ಅದು ಕಾಯಿಲೆಗೆ ಗಂಜಿ ಹಾಕಿ ಸಾಕಿದ ಹಾಗೆ.”

ಸೂ-ಲಿಯೆನ್ ನಂಬಲಿಲ್ಲ. ಆ ಯಂತ್ರದ ಚಿತ್ರದಲ್ಲಿ ತನ್ನ ಮಾತು ಕೊರೆದ ಗುರುತು ಎಲ್ಲರಿಗೂ ಕಾಣುತ್ತದೆ ಎಂದೇ ಹೆದರಿದಳು. ಮಗು ಕೊನೆಯ ಗಳಿಗೆಯಲ್ಲಿ ಒಲ್ಲೆನೆನ್ನಲಿ ಎಂದು ಸಮುದ್ರದೇವಿಗೆ ಹರಕೆ ಹೊತ್ತಳು.

ಚಿತ್ರ ತೆಗೆಯುವ ದಿನ ಆಸ್ಪತ್ರೆಯಲ್ಲಿ ಹರಕೆ ಫಲಿಸುವಂತೆಯೇ ಇತ್ತು. ಯಂತ್ರದ ಕೋಣೆಯೊಳಗೆ ಲೋಹವೇನೂ ಒಯ್ಯುವಂತಿಲ್ಲ. ಹೊರಗೆ ಸಾಲಾಗಿದ್ದ ಕಪಾಟುಗಳ ಕೀಲಿಗಳನ್ನೆಲ್ಲ ಜನ ತೆಗೆದುಕೊಂಡು ಹೋಗಿದ್ದರು. ಯಾರೂ ಮುಟ್ಟದ ನಾಲ್ಕನೆಯದರ ಕೀಲಿ ಮಾತ್ರ ನೇತಾಡುತ್ತಿತ್ತು. ಪೇ-ಯುನ್ ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು.

“ಅದ್ರಲ್ಲಿ ಬೇಡ ಅಜ್ಜಿ.”

“ಬಲವಂತ ಇಲ್ಲ ಪುಟ್ಟಿ, ಬೇಡ ಅಂದ್ರೆ ಬಿಡೋಣ” ಎಂದರು ಡಾಕ್ಟರ್. ನಡಿ ಮನೆಗೆ ಎನ್ನುವ ಮಾತು ಸೂ-ಲಿಯೆನ್ ನಾಲಗೆಯ ತುದಿಗೆ ಬಂದಿತ್ತು. ಆಗ ಮಗುವಿನ ಕತ್ತಿನ ಗಾಯದಿಂದ ಮತ್ತೆ ರಕ್ತ ಜಿನುಗುವುದನ್ನು ಕಂಡಳು.

ಮದುವೆಯಾದಾಗಿನಿಂದ ಕೊರಳಿಂದ ಇಳಿಯದ, ದೇವಿಯ ಪದಕದ ಸರವನ್ನು ಬಿಚ್ಚಿದಳು. ಅದನ್ನು ನಾಲ್ಕನೆಯ ಕಪಾಟಿನೊಳಗಿಟ್ಟು, ಬಾಗಿಲನ್ನು ತೆರೆದು ಹಿಡಿದು ನಿಂತಳು.

“ಅಜ್ಜಿ, ನಿಂಗೇನೂ ಆಗಲ್ಲ ಅಲ್ವಾ?”

“ನಂಗೊತ್ತಿಲ್ಲ ಕಣೆ.”

ಮಗು ಅಳುತ್ತಲೇ ಚೀಲ ತೆಗೆದು ಸರದ ಮೇಲಿಟ್ಟು ಒಳಗೆ ಹೋಯಿತು. ಸೂ-ಲಿಯೆನ್ ಬೀಗ ಹಾಕಿ, ನಾಲ್ಕೆಂದು ಕೆತ್ತಿದ್ದ ಕೀಲಿಯನ್ನು ಅಂಗಿಯೊಳಗೆ, ದೇವಿ ಇದ್ದ ಜಾಗದಲ್ಲಿ ಇಳಿಬಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತಳು.