ನವರಾತ್ರಿಗೆ ಒಗೆದ ಸ್ಪಂಜು

ನನಗೆ ಹೊಲಸು ಕಂಡರೆ ಆಗುವುದಿಲ್ಲ. ಇದನ್ನು ನಾನು ಊರೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ಗೋಕಾಕದ ನಮ್ಮ ಓಣಿಯಲ್ಲಿ ನನ್ನ ಮನೆಯ ಹಿತ್ತಾಳೆ ಪಾತ್ರೆಯಷ್ಟು ಹೊಳೆಯುವ ಪಾತ್ರೆ ಇನ್ನೊಬ್ಬರ ಮನೆಯಲ್ಲಿ ಇದ್ದರೆ ತೋರಿಸಲಿ, ನೋಡೋಣ. ಅದರಲ್ಲೂ ನವರಾತ್ರಿ ಬಂತೆಂದರೆ ನನ್ನನ್ನು ಹಿಡಿಯುವವರಿಲ್ಲ. ಘಟ್ಟ ಹಾಕುವ, ಅಂದರೆ ದೇವರ ಮುಂದೆ ಘಟ ಕೂರಿಸುವ ಮೊದಲು ನಮ್ಮ ಕಡೆ ಮನೆಯೊಳಗಿನ ಅರಿವೆಯೆಲ್ಲ ಒಗೆಯಬೇಕು. ಕೌದಿ, ಚಾದರ, ಪರದೆ, ದಿಂಬಿನ ಕವರು, ಕಾಲೊರೆಸುವ ಗೋಣಿ ತಟ್ಟಿನವರೆಗೆ ಒಂದನ್ನೂ ಬಿಡುವಂತಿಲ್ಲ. ಒಂದು ಚಿಂದಿ ಉಳಿದರೂ ದೇವರಿಗೆ ಮೈಲಿಗೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಅವರು ಹೋದ ಮೇಲೆ ಅದನ್ನು ನಾನು ಹೇಳುತ್ತಿದ್ದೆ, ಇನ್ನಷ್ಟು ಜೋರಾಗಿ.

ಹೋದ ನವರಾತ್ರಿಗೆ ನಾನು ಒಗೆದ ಒಂದು ವಸ್ತುವಿನ ಕತೆ ಇದು.

ನಮ್ಮ ಮನೆಯವರದು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಕೈಯಷ್ಟೇ ಬಾಯಿಯೂ ಚುರುಕು. ಗಿರಾಕಿ ಬಂದರೆ ಮೋಟಾರು ರಿಪೇರಿಯಾಗುವುದರೊಳಗೆ ಮೂರೂರಿನ ಸುದ್ದಿ ಮುಗಿಯುತ್ತಿತ್ತು. ಅಂಥವರಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತೂ ಹೋಯಿತು. ಘಟಪ್ರಭೆಯ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು. "ಅವರಿಗೆ ಪ್ರೀತಿ ಇರೂದು ಏನರ ತೋರಿಸಿ ದಿನಾ ಎಣಿಸಾಕ ಹಚ್ಚರಿ. ಎಷ್ಟೋ ಮಂದಿಗೆ ಮಾತಿಗಿಂತ ಮೊದಲ ಎಣಿಕಿ ಬರ್ತೈತಿ," ಎಂದರು. ಚಮಚ ತೋರಿಸಿದೆ, ಬಳೆ ತೋರಿಸಿದೆ, ಮುಖ ತಿರುಗಿಸಿದರು. ಅವರು ಎಣಿಸಿದ್ದು ಮೀನುಗಳನ್ನು ಮಾತ್ರ.

ಪಡಸಾಲೆಯಲ್ಲಿ ಅವರ ಗಾಜಿನ ತೊಟ್ಟಿ ಇತ್ತು, ಅದರಲ್ಲಿ ಏಳು ಗೋಲ್ಡ್‌ಫಿಶ್. ನಾಲ್ಕು ವರ್ಷದಿಂದ ಸಾಕಿದ್ದವು. ದಿನಾ ಬೆಳಿಗ್ಗೆ ಕುರ್ಚಿಯನ್ನು ತೊಟ್ಟಿಯ ಮುಂದೆ ಹಾಕಿ ಕೂರಿಸಿದರೆ ಎಡಗೈ ಬೆರಳು ಆಡಿಸುತ್ತ "ಒಂದ… ಎರಡ… ಮೂರ…" ಎಂದು ಏಳರವರೆಗೆ ಹೋಗುತ್ತಿದ್ದರು. ಏಳು ಮುಗಿದರೆ ನನ್ನ ಕಡೆ ನೋಡಿ ಸೊಟ್ಟ ಬಾಯಲ್ಲೇ ನಗುತ್ತಿದ್ದರು. ಇಡೀ ದಿನದಲ್ಲಿ ನನಗೆ ಸಿಗುತ್ತಿದ್ದ ಗಂಡನ ಧ್ವನಿ ಅಷ್ಟೇ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದೆ.

ಆ ತೊಟ್ಟಿಯಲ್ಲಿ ನನಗೆ ಸೇರದ್ದು ಒಂದೇ ಒಂದು, ನೀರನ್ನು ಸೋಸಿ ಬಿಡುವ ಫಿಲ್ಟರಿನೊಳಗಿನ ಸ್ಪಂಜು. ಕಂದು ಬಣ್ಣ, ಮುಟ್ಟಿದರೆ ಲೋಳೆ. ಯಪ್ಪಾ, ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮನೆಯವರು ಗಟ್ಟಿಯಿದ್ದಾಗ ತೊಟ್ಟಿಯದೇ ನೀರನ್ನು ಬಕೆಟ್ಟಿಗೆ ತೆಗೆದು, ಅದರಲ್ಲಿ ಸ್ಪಂಜನ್ನು ಎರಡು ಸಲ ಹಿಂಡಿ, ಕಂದಾಗಿದ್ದುದನ್ನು ಕಂದಾಗಿಯೇ ತಿರುಗಿ ಹಾಕುತ್ತಿದ್ದರು.

"ಇದೇನ್ರಿ ತೊಳಿಯೂದು? ಹೊಲಸನ್ಯಾಗ ಹೊಲಸ ಅದ್ದೂದು!" ಎಂದು ನಾನು.

"ಅದು ಹೊಲಸಲ್ಲ. ನೀ ಅದಕ್ಕ ಕೈ ಹಚ್ಚಬ್ಯಾಡ, ಅಷ್ಟ," ಎಂದು ಅವರು.

ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಅಭ್ಯಾಸವೇ ನನಗಿರಲಿಲ್ಲ. ಮಗ ಪರವೂರಲ್ಲಿ ನೌಕರಿಗಿದ್ದ, ಹಾಗಾಗಿ ಅವರಿಗೆ ಕಾಯಿಲೆಯಾದ ಮೇಲೆ ತೊಟ್ಟಿಯ ಕೆಲಸ ಸೊಸೆಗೆ ಬಂತು. ಅವಳು ಮೂಡಲಗಿಯಲ್ಲಿ ಸಾಲಿ ಮಾಸ್ತರಿಕೆ ಮಾಡುತ್ತಾಳೆ, ಬೆಳಿಗ್ಗೆ ಬಸ್ಸು ಹಿಡಿದರೆ ಬರುವುದು ಸಂಜೆಗೇ. ರವಿವಾರಕ್ಕೊಮ್ಮೆ ಮಾವ ಮಾಡುತ್ತಿದ್ದಂತೆಯೇ ಸ್ವಲ್ಪ ನೀರು ಬದಲಿಸಿ, ಸ್ಪಂಜು ಹಿಂಡಿ ಇಡುತ್ತಿದ್ದಳು. ಇವಳೂ ಅವರ ಸಾಲಿಯವಳೇ ಎಂದು ನಾನು ಗೊಣಗುತ್ತಿದ್ದೆ.

ಘಟ್ಟ ಹಾಕುವ ಹಿಂದಿನ ದಿನ. ಸೊಸೆ ಸಾಲಿಗೆ ಹೋಗಿದ್ದಳು. ಕೌದಿಯೆಲ್ಲ ಒಗೆದು ಹಗ್ಗಕ್ಕೆ ಹಾಕಿದ್ದಾಗಿತ್ತು. ಒಳಗೆ ಬಂದವಳ ಕಣ್ಣಿಗೆ ಆ ಸ್ಪಂಜು ಬಿತ್ತು. ಮನೆಯಲ್ಲಿ ಇದೊಂದು ಹೊಲಸು ಉಳಿಯಿತಲ್ಲ, ನಾಳೆ ದೇವರನ್ನು ಹೇಗೆ ಕೂರಿಸಲಿ ಎಂದು ತಲೆಯಲ್ಲಿ ಹೊಕ್ಕಿತು. ಮೀನುಗಳನ್ನು ಬಕೆಟ್ಟಿಗೆ ಹಾಕಿದೆ. ತೊಟ್ಟಿಯ ನೀರನ್ನೆಲ್ಲ ಚೆಲ್ಲಿದೆ, ತಳದ ಕಲ್ಲುಗಳನ್ನು ತಿಕ್ಕಿದೆ. ಸ್ಪಂಜಿಗೆ ಸೋಪಿನ ಪುಡಿ ಹಚ್ಚಿ, ಬ್ರಷ್ ಹಾಕಿ, ನಳದ ಕೆಳಗೆ ಹಿಡಿದು ಹಳದಿ ಬಣ್ಣ ಬರುವವರೆಗೆ ತೊಳೆದೆ. ಕೌದಿಯ ಬಾಜೂಕೆ ಹಗ್ಗದ ಮೇಲೆ ಒಣಗಲು ಹಾಕಿದೆ. ತೊಟ್ಟಿಗೆ ಹೊಸದಾಗಿ ನಳದ ನೀರು ತುಂಬಿ ಮೀನುಗಳನ್ನು ತಿರುಗಿ ಬಿಟ್ಟೆ.

ಅಷ್ಟು ಹೊತ್ತೂ ಮನೆಯವರು ಎಡಗೈಯಿಂದ ಕುರ್ಚಿಯ ಹಿಡಿಕೆಯನ್ನು ಪಟಪಟ ಬಡಿಯುತ್ತಿದ್ದರು. ಚಹಾ ಬೇಕೇನೋ ಎಂದು ಮಾಡಿ ತಂದುಕೊಟ್ಟೆ. ಕಪ್ಪನ್ನು ದೂಡಿದರು, ಆಗಷ್ಟೇ ಒರೆಸಿದ ನೆಲದ ಮೇಲೆಲ್ಲ ಚಹಾ. ನನ್ನ ಪಿತ್ತ ನೆತ್ತಿಗೇರಿತು. "ಏನಾಗೈತ್ರಿ ನಿಮಗ? ಮುಂಜಾನಿಂದ ಒಬ್ಬಾಕಿ ದುಡಿಯಾಕತ್ತೇನಿ, ಕಣ್ಣಿಗೆ ಕಾಣಸೂದಿಲ್ಲೇನ?" ಎಂದು ಕೂಗಾಡಿದೆ. ಅವರು ಕೈ ಮಡಿಲಲ್ಲಿಟ್ಟುಕೊಂಡು ಗೋಡೆಯ ಕಡೆ ನೋಡುತ್ತ ಕುಳಿತರು.

ಮರುದಿನ ಕುಂಕುಮಕ್ಕೆ ಬಂದವರೆಲ್ಲ ತೊಟ್ಟಿ ನೋಡಿ ಬಾಯಿ ಬಿಟ್ಟರು. ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ. ನಾನು ಬೀಗಿದ್ದೇ ಬೀಗಿದ್ದು.

ನಾಲ್ಕನೆಯ ದಿನ ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗಿದವು. ಐದನೆಯ ದಿನ ಬೆಳಿಗ್ಗೆ ಒಂದು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಗಡಿಬಿಡಿಯಲ್ಲಿ ತೆಗೆದು ಬಿಸಾಕಿದೆ. ಅವರು ಎಣಿಸಿದರು. ಆರಕ್ಕೆ ನಿಂತರು. ಮತ್ತೆ ಒಂದರಿಂದ ಶುರು ಮಾಡಿದರು, ಮತ್ತೆ ಆರು. ಮೂರನೆಯ ಸಲ ಎಣಿಸುವಾಗ ಅವರ ಕಣ್ಣಲ್ಲಿ ನೀರು ಬಂತು. ಎರಡು ದಿನ ಕಳೆಯುವುದರಲ್ಲಿ ಉಳಿದದ್ದು ನಾಲ್ಕು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಸೊಸೆಯ ಮೇಲೆ ಬಿದ್ದೆ.

"ಕಾಳು ಜಾಸ್ತಿ ಹಾಕೀದಿ ನೀ. ತಿಂದು ತಿಂದು ಸಾಯಾಕತ್ತಾವ."

"ಇಲ್ರಿ ಅತ್ತಿ, ದಿನಾ ಹಾಕೂ ಅಷ್ಟ ಹಾಕೇನ್ರಿ."

"ಹಂಗಾರ ಸುಮ್ಮನ ಸಾಯ್ತಾವೇನ? ನಿನ್ನ ಚಿತ್ತೆಲ್ಲಾ ಸಾಲಿ ಮ್ಯಾಲ!"

ಅವಳು ಏನೋ ಹೇಳಲು ಬಾಯಿ ತೆರೆದಳು. ನನ್ನ ಮುಖ ನೋಡಿ ಮುಚ್ಚಿಕೊಂಡಳು. ಮನೆಯವರು ಕುರ್ಚಿಯಲ್ಲಿ ಕುಳಿತು ನಮ್ಮಿಬ್ಬರನ್ನೂ ನೋಡುತ್ತಿದ್ದರು. ನಾನು ಅವರ ಕಡೆ ನೋಡಲಿಲ್ಲ.

ಲೆಕ್ಕ ಸರಿಮಾಡಿದರೆ ಅವರ ಮಾತು ಉಳಿಯುತ್ತದೆ ಎಂದುಕೊಂಡೆ. ಯಾರಿಗೂ ಹೇಳದೆ ಘಟಪ್ರಭೆಗೆ ಹೋಗಿ, ಸ್ಟೇಷನ್ನಿನ ಹತ್ತಿರದ ಮೀನಿನ ಅಂಗಡಿಯಿಂದ ಅದೇ ಅಳತೆಯ, ಅದೇ ಬಣ್ಣದ ಮೂರು ಮೀನು ತಂದು ಬಿಟ್ಟೆ. ಬೆಳಿಗ್ಗೆ ಕುರ್ಚಿ ಹಾಕಿದೆ. "ಎಣಸ್ರಿ, ನೋಡೋಣ. ಎಲ್ಲಾ ಬಂದಾವು," ಎಂದೆ. ಅವರು ಬಹಳ ಹೊತ್ತು ನೋಡಿದರು. ಒಂದ, ಎರಡ, ಮೂರ, ನಾಕ. ಹೊಸ ಮೂರರ ಕಡೆ ಬೆರಳು ಹೋಗಲೇ ಇಲ್ಲ. ಕೈ ಇಳಿಸಿ ನನ್ನನ್ನು ನೋಡಿದರು. ಅಯ್ಯ ಶಿವನೇ, ಆ ನೋಟ! ಅವತ್ತೇ ಕೊನೆ, ಆಮೇಲೆ ಅವರು ಎಣಿಸಲಿಲ್ಲ.

ಹೊಸವು ಮೂರೂ ಸತ್ತವು. ಹಳೆಯವುಗಳಲ್ಲಿ ಮತ್ತೆರಡನ್ನು ಕರೆದುಕೊಂಡು ಹೋದವು.

ಬಾಟಲಿಯಲ್ಲಿ ತೊಟ್ಟಿಯ ನೀರು ತುಂಬಿಕೊಂಡು ಅದೇ ಅಂಗಡಿಗೆ ಜಗಳಕ್ಕೆ ಹೋದೆ. "ರೋಗದ ಮೀನ ಕೊಟ್ಟೀದಿ," ಎಂದೆ. ಅಂಗಡಿಯವ ಸಿಟ್ಟಾಗಲಿಲ್ಲ. ಗಾಜಿನ ನಳಿಕೆಯಲ್ಲಿ ಆ ನೀರು ಹಾಕಿ ಎರಡು ಔಷಧದ ಹನಿ ಬಿಟ್ಟ. ಸ್ವಲ್ಪ ಹೊತ್ತಿಗೆ ನೀರು ಕಡುಹಸಿರಾಯಿತು.

"ಹಳದಿ ಇರಬೇಕಾಗಿತ್ರಿ ಅಕ್ಕಾರ. ಇದು ಅಮೋನಿಯಾ, ಮೀನ ಹೇತ ವಿಷ. ಸ್ಪಂಜು ಯಾರರ ತೊಳದ್ರೇನ?"

"ನಮ್ಮ ಸೊಸಿ," ಎಂದೆ. ಬಾಯಿ ತಾನಾಗಿಯೇ ಆಡಿಬಿಟ್ಟಿತು.

"ಸೋಪ ಹಚ್ಚಿದ್ರೇನ? ಬಿಸಲಾಗ ಒಣಗಿಸಿದ್ರೇನ?"

ಹೌದೆಂದು ತಲೆಯಾಡಿಸಿದೆ.

"ಆ ಜಿಡ್ಡಿನ್ಯಾಗ ಜೀವ ಇರ್ತಾವ್ರಿ, ಕಣ್ಣಿಗೆ ಕಾಣದಷ್ಟು ಸಣ್ಣವು. ಮೀನಿನ ವಿಷ ಅವು ತಿಂತಾವು, ಅದಕ್ಕ ಮೀನ ಬದುಕತಾವು. ಮೊಸರಿಗೆ ಹೆಪ್ಪ ಇದ್ದಂಗ ಅದು. ಹೆಪ್ಪಿನ ಬಟ್ಟಲಾನ ತೊಳದು ಒರಸಿ ಇಟ್ಟು, ಹಾಲು ಯಾಕ ಹೆಪ್ಪಗಟ್ಟವಲ್ದು ಅಂದ್ರ ಹೆಂಗ್ರಿ? ನಳದ ನೀರಿನ ಬ್ಲೀಚಿಂಗೂ ಅವನ್ನ ಕೊಲ್ತೈತಿ. ಮ್ಯಾಲಿಂದ ಹೊಸ ಮೀನ ಬಿಟ್ಟು ವಿಷ ಇನ್ನೂ ಹೆಚ್ಚ ಮಾಡೀರಿ. ಸೊಸಿಗೆ ತಿಳಿಸಿ ಹೇಳ್ರಿ, ಬೈಬ್ಯಾಡ್ರಿ, ಪಾಪ."

ಹೆಪ್ಪು ಎಂದಾಗ ನನಗೆ ಥಟ್ಟನೆ ತಿಳಿಯಿತು. ಮೂವತ್ತು ವರ್ಷದಿಂದ ಒಂದು ದಿನವೂ ಹೆಪ್ಪು ಕಳೆದುಕೊಳ್ಳದೆ ಮನೆ ನಡೆಸಿದವಳು ನಾನು. ಕುರ್ಚಿ ಬಡಿಯುತ್ತಿದ್ದ ಆ ಕೈಯೂ ಆಗಲೇ ನೆನಪಾಯಿತು. ಅವರು ಚಹಾ ಕೇಳಿರಲಿಲ್ಲ.

ಅವನು ತನ್ನ ತೊಟ್ಟಿಯ ಸ್ಪಂಜಿನಿಂದ ಒಂದು ತುಂಡು ಕತ್ತರಿಸಿ, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಟ್ಟ. ಒಣಗಿಸಬಾರದು, ಬೇಗ ಮುಟ್ಟಿಸಬೇಕು, ದಿನಾ ಸ್ವಲ್ಪ ಸ್ವಲ್ಪ ನೀರು ಬದಲಿಸಬೇಕು, ಆ ನೀರು ಒಂದು ದಿನ ಬಕೆಟ್ಟಿನಲ್ಲಿ ಇಟ್ಟದ್ದಾಗಿರಬೇಕು, ಕಾಳು ಬಹಳ ಕಡಿಮೆ. ಟೆಂಪೋದಲ್ಲಿ ಗೋಕಾಕಕ್ಕೆ ಬರುವವರೆಗೆ ಆ ಲೋಳೆ ತುಂಡನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದೆ. ಚೀಲ ಸೋರಿ ಸೀರೆಯೆಲ್ಲ ಒದ್ದೆಯಾಯಿತು. ಬಾಜೂದಾಕೆ ಮೂಗು ಮುಚ್ಚಿಕೊಂಡಳು.

ಆ ಸಂಜೆ ಸೊಸೆ ಬಂದು ಚಪ್ಪಲಿ ಬಿಡುವುದರೊಳಗೆ, ಮನೆಯವರ ಎದುರಿಗೇ ಹೇಳಿದೆ. "ಸ್ಪಂಜ ತೊಳದಾಕಿ ನಾನ. ಮೀನ ಕೊಂದಾಕಿ ನಾನ. ನಿನ್ನ ಮ್ಯಾಲ ಹಾಕಿದೆ."

ಅವಳು ಬ್ಯಾಗು ಕೆಳಗಿಟ್ಟಳು. "ನನಗ ಗೊತ್ತಿತ್ರಿ ಅತ್ತಿ. ಹಗ್ಗದ ಮ್ಯಾಲಿಂದ ತಂದು ಫಿಲ್ಟರಿಗೆ ಹಾಕಿದಾಕಿ ನಾನ ಅಲ್ಲೇನ್ರಿ?"

"ಮತ್ತ ಅವಾಗ ಯಾಕ ಹೇಳಲಿಲ್ಲ ನೀ?"

"ಹೇಳಿದ್ರ ಕೇಳ್ತಿದ್ರೇನ್ರಿ?"

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಅದೇ ತಡೆಯಲಾಗಲಿಲ್ಲ. ಮನೆಯಲ್ಲಿದ್ದ ಇಬ್ಬರಿಗೂ ಗೊತ್ತಿತ್ತು. ಒಬ್ಬರಿಗೆ ಮಾತು ಬರುತ್ತಿರಲಿಲ್ಲ, ಇನ್ನೊಬ್ಬಳಿಗೆ ನಾನು ಆಡಗೊಟ್ಟಿರಲಿಲ್ಲ. ಅಡುಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಕೊನೆಗೆ ಉಳಿದಿದ್ದ ಎರಡು ಮೀನು ಬದುಕಿಕೊಂಡವು. ಸ್ಪಂಜು ಈಗ ಕಂದಾಗಿದೆ, ಲೋಳೆಯಾಗಿದೆ, ಅಂಗಡಿಯವನಿಂದ ತಂದ ಹನಿ ಬಿಟ್ಟು ನೋಡಿದರೆ ನೀರು ಹಳದಿಯೇ ಇರುತ್ತದೆ. ಆದರೆ ಅವರು ಎಣಿಸುತ್ತಿಲ್ಲ. ದಿನಾ ಕುರ್ಚಿ ಹಾಕುತ್ತೇನೆ, ಬಾಜೂಕೆ ಕುಳಿತು ನಾನೇ "ಒಂದ, ಎರಡ" ಎನ್ನುತ್ತೇನೆ. ಅವರು ಮೀನು ನೋಡುತ್ತಾರೆ, ಅಷ್ಟೇ. ಮೇಡಂ ಕಾಯಬೇಕು ಎನ್ನುತ್ತಾರೆ. ಎಷ್ಟು ದಿನ ಎಂದು ಅವರೂ ಹೇಳುವುದಿಲ್ಲ.

ಹೋದ ವಾರ ಫಿಲ್ಟರಿನಿಂದ ನೀರು ಸಣ್ಣಗೆ ಬೀಳುತ್ತಿತ್ತು. ಏನು ಸಿಕ್ಕಿಕೊಂಡಿದೆಯೋ ನೋಡೋಣವೆಂದು ಮುಚ್ಚಳಕ್ಕೆ ಕೈ ಹಾಕಿದೆ. ಹಿಂದಿನಿಂದ ಕುರ್ಚಿಯ ಹಿಡಿಕೆ ಬಡಿಯುವ ಸದ್ದು. ಕೈ ತೆಗೆದೆ. ಅವರ ಮುಂದೆ ಮೊಳಕಾಲೂರಿ ಕುಳಿತು, "ಬ್ಯಾಡೇನ್ರಿ?" ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದರು, ಬಡಿಯುವುದನ್ನು ನಿಲ್ಲಿಸಿದರು. ಘಟ್ಟದ ಹಿಂದಿನ ಆ ದಿನ ಇದೊಂದು ಮಾತು ಕೇಳಿದ್ದರೆ, ಇವತ್ತೂ ಅವರು ಏಳರವರೆಗೆ ಎಣಿಸುತ್ತಿದ್ದರು.