ಆಲ್ತಾ ಕಾಡಿಲಳ ಎರಡು ಏಟು

ಕೆಂಟಕಿಯ ಬೆಟ್ಟಗಳ ನಡುವಿನ ಸಾರೆಲ್ ಹಳ್ಳವೆಂಬ ಊರಿನಲ್ಲಿ ಆಲ್ತಾ ಕಾಡಿಲ್ ನಲವತ್ತು ವರ್ಷ ತಮ್ಮನ ಪಿಟೀಲನ್ನು ಬಾರಿಸಿದಳು. ಆದರೂ ಅವಳನ್ನು ಪಿಟೀಲಿನವಳೆಂದು ಯಾರೂ ಕರೆಯಲಿಲ್ಲ. ತಮ್ಮ ಹೋಬರ್ಟ್ ಕಮಾನು ಎಳೆಯುವಾಗ ಅವಳು ಪಕ್ಕದಲ್ಲಿ ಕುಳಿತು, ಅವನ ಬೆರಳುಗಳಿಗೂ ಕಮಾನಿಗೂ ನಡುವೆ ಉಳಿದ ತಂತಿಗಳ ಮೇಲೆ ಎರಡು ಪೊರಕೆ ಕಡ್ಡಿಗಳಿಂದ ತಾಳ ಹಾಕುತ್ತಿದ್ದಳು. ಪಿಟೀಲು ಸೈತಾನನ ಪೆಟ್ಟಿಗೆಯೆಂದು ಸಾರುತ್ತಿದ್ದ ಚರ್ಚಿನ ಹಿರಿಯರು ಹೋಬರ್ಟನನ್ನು ಎರಡು ಸಲ ಸಭೆಯಿಂದ ಹೊರಗಿಟ್ಟರು. ಆಲ್ತಾಳ ವಿಷಯವನ್ನು ಬಹಳ ಹೊತ್ತು ಚರ್ಚಿಸಿ, ಕಡ್ಡಿ ಬಡಿಯುವುದು ಸಂಗೀತವಲ್ಲ, ಮನೆಗೆಲಸದ ಜಾತಿಗೆ ಸೇರಿದ್ದೆಂದು ತೀರ್ಮಾನಿಸಿದರು. ಪಾಪದಿಂದ ಪಾರಾದದ್ದಕ್ಕೆ ಅವಳಿಗೆ ಸಂತೋಷಕ್ಕಿಂತ ಅವಮಾನವೇ ಹೆಚ್ಚಾಯಿತು.

ಹೋಬರ್ಟನ ಕೀರ್ತಿಯೆಲ್ಲ ಒಂದೇ ಕುಣಿತದ ಮಟ್ಟಿನ ಮೇಲೆ ನಿಂತಿತ್ತು. ಅದರ ಎರಡನೆಯ ಭಾಗದಲ್ಲಿ ತಾಳದ ಲೆಕ್ಕಕ್ಕೆ ಸಿಗದ ಎರಡು ಏಟು ಹೆಚ್ಚಿಗೆ ಬರುತ್ತಿದ್ದವು. ಹೊರಗಿನಿಂದ ಬಂದು ಕುಣಿಯುವವರು ಅಲ್ಲಿ ಎಡವುತ್ತಿದ್ದರು. ಹಳ್ಳದವರ ಕಾಲುಗಳು ಮಾತ್ರ ತೊಟ್ಟಿಲಲ್ಲೇ ಕಲಿತಂತೆ ದಾಟಿಬಿಡುತ್ತಿದ್ದವು. ಮಟ್ಟು ಕಡಲು ದಾಟಿ ಬಂದ ಮುತ್ತಜ್ಜನದು, ಬಿಟ್ಟುಬಂದ ತಾಯಿಯನ್ನು ನೆನೆದು ಅವನು ಅಲ್ಲಿ ಎರಡು ಸಲ ಬಿಕ್ಕಿದನೆಂದು ಹೋಬರ್ಟ್ ಹೇಳುತ್ತಿದ್ದ. ವರ್ಷ ಕಳೆದಂತೆ ಮುತ್ತಜ್ಜನ ಹಡಗು ದೊಡ್ಡದಾಯಿತು, ಬಿರುಗಾಳಿಯೂ ಸೇರಿಕೊಂಡಿತು.

ನಿಜ ಆಲ್ತಾಳಿಗೆ ಗೊತ್ತಿತ್ತು. ಮಟ್ಟು ಹೋಬರ್ಟನದೇ, ನೆರೆಹೊರೆಯವರು ಕೂಡಿ ಮುಸುಕಿನ ಜೋಳ ಸುಲಿದ ಒಂದು ಸಂಜೆ ಕಟ್ಟಿದ್ದು. ಆಗ ಅವನ ಪಿಟೀಲಿನ ಸಣ್ಣ ತಂತಿಯನ್ನು ಬಿಗಿಯುವ ಬಿರಡೆ ಸವೆದಿತ್ತು. ಎರಡನೆಯ ಭಾಗಕ್ಕೆ ಬಂದಾಗಲೆಲ್ಲ ಅದು ಜಾರುತ್ತಿತ್ತು. ಅವನು ಕಮಾನೆತ್ತಿ ಬಿರಡೆ ತಿರುವುವಷ್ಟರಲ್ಲಿ ಕುಣಿತ ನಿಲ್ಲಬಾರದೆಂದು ಅವಳು ಎರಡು ಏಟು ಸೇರಿಸಿದಳು. ಮರುವಾರ ಹೊಸ ಬಿರಡೆ ಬಂತು. ಅಷ್ಟರಲ್ಲಿ ಕಾಲುಗಳು ಕಲಿತಾಗಿತ್ತು; ಹೋಬರ್ಟನ ಕಮಾನೂ ಅಲ್ಲಿ ನಿಂತು ಕಾಯುವುದನ್ನು ರೂಢಿಸಿಕೊಂಡಿತ್ತು.

1937ರ ಬೇಸಿಗೆಯಲ್ಲಿ ವಿಟ್ಲೋ ಎಂಬ ನಗರದ ಮನುಷ್ಯ, ಹಳೆಯ ಮಟ್ಟುಗಳ ದನಿಯನ್ನು ಗ್ರಾಮಫೋನ್ ತಟ್ಟೆಯ ಮೇಲೆ ಕೊರೆದಿಡುವ ಯಂತ್ರವನ್ನು ಕಾರಿನಲ್ಲಿ ತಂದ. ಅವನ ಬಳಿ ಉಳಿದಿದ್ದುದು ಎರಡೇ ತಟ್ಟೆ. ಮಟ್ಟು ಹುಟ್ಟಿದ ಬಗೆಯನ್ನೂ ಅವನು ಬಾಯಿಂದ ಹೇಳಿಸಿ ಕೊರೆಯುವನೆಂದು ತಿಳಿದಾಗ, ಆಲ್ತಾ ತನ್ನ ಅರವತ್ತಮೂರನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ತಮ್ಮನಲ್ಲಿ ಒಂದು ಮಾತು ಕೇಳಿದಳು: ಆ ಎರಡು ಏಟು ಅಕ್ಕನವೆಂದು ಅವನು ಯಂತ್ರಕ್ಕೆ ಹೇಳಬೇಕು. ಇಷ್ಟು ವರ್ಷ ಸಾಕಿದ ಮುತ್ತಜ್ಜನನ್ನು ಈಗ ಕೈಬಿಟ್ಟರೆ ಊರಲ್ಲಿ ತಲೆಯೆತ್ತುವುದು ಹೇಗೆಂದು ಹೋಬರ್ಟ್ ನುಣುಚಿಕೊಂಡ.

ಮರುದಿನ ಅವನ ಮನೆಯ ಜಗುಲಿಯಲ್ಲಿ ಊರೇ ನೆರೆಯಿತು. ಸೂಜಿ ತಟ್ಟೆಗೆ ತಗುಲಿದೊಡನೆ ಹೋಬರ್ಟ್ ಮುತ್ತಜ್ಜನನ್ನು ಹಡಗು ಹತ್ತಿಸಿ, ಬಿರುಗಾಳಿ ದಾಟಿಸಿ, ಎರಡು ಸಲ ಅಳಿಸಿ, ಪಿಟೀಲನ್ನು ಎದೆಗೆ ಆನಿಸಿದ. ಮೊದಲ ಭಾಗ ನೀರಿನಂತೆ ಹರಿಯಿತು. ಎರಡನೆಯದರಲ್ಲಿ ಆ ಜಾಗ ಬಂದಾಗ ಆಲ್ತಾ ಕಡ್ಡಿಗಳನ್ನು ಮಡಿಲಲ್ಲಿಟ್ಟು ಕೈಕಟ್ಟಿ ಕುಳಿತಳು. ಏಟಿಗೆ ಕಾದ ಕಮಾನು ಮುಂದಿನ ದಾರಿ ಕಾಣದೆ ಒಮ್ಮೆ ಕಿರುಗುಟ್ಟಿ ನಿಂತಿತು. ತಟ್ಟೆ ಮಾತ್ರ ತಿರುಗುತ್ತಲೇ ಇತ್ತು.

“ಏನಕ್ಕ, ಕೈ ಯಾಕೆ ನಿಲ್ಲಿಸ್ಬಿಟ್ಟೆ?”

“ಮುತ್ತಜ್ಜ ಬಿಕ್ಕಲಿ ಅಂತ ಕಾಯ್ತಾ ಇದೀನಿ ಕಣೋ. ಯಾಕೋ ಇವತ್ತು ಅವನಿಗೆ ಅಳು ಬರ್ತಿಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆಯಲು ಕೆಮ್ಮಿದರು. ಏಟಿಲ್ಲದೆಯೇ ದಾಟಲು ಹೋಬರ್ಟ್ ಎರಡು ಸಲ ಯತ್ನಿಸಿದ. ಎರಡು ಸಲವೂ ಅಲ್ಲೇ ಮುಗ್ಗರಿಸಿದ. ತಟ್ಟೆ ಮುಗಿಯಿತು. ಇನ್ನು ಉಳಿದಿರುವುದು ಒಂದೇ ಎಂದು ವಿಟ್ಲೋ ಮೆಲ್ಲಗೆ ನೆನಪಿಸಿದ. ಹೋಬರ್ಟ್ ಬೆವರೊರೆಸಿಕೊಂಡು, ಅದನ್ನು ಹಾಕಲು ಹೇಳಿ, ಯಂತ್ರದತ್ತ ಬಾಗಿದ.

“ಈ ಮಟ್ಟು ಕಟ್ಟಿದ್ದು ನಾನು. ಬಿರಡೆ ಜಾರ್ತಿತ್ತು, ಕುಣಿಯೋರು ನಿಂತೋಗ್ತಿದ್ರು. ಆ ಎರಡು ಏಟು ನಮ್ಮಕ್ಕ ಆಲ್ತಾ ಹಾಕಿದ್ದು. ಅವಳಿಲ್ದೆ ಇದು ನಂಗೆ ಬರಲ್ಲ.” ಊರಿನವರ ಮುಖಗಳನ್ನು ಒಮ್ಮೆ ನೋಡಿ ಅವನು ಸೇರಿಸಿದ: “ಮುತ್ತಜ್ಜ ಬಾರಿಸ್ತಿದ್ದದ್ದು ಬೇರೆ ಮಟ್ಟು.”

ಮುತ್ತಜ್ಜ ಪಿಟೀಲನ್ನು ಕೈಯಿಂದಲೂ ಮುಟ್ಟಿದವನಲ್ಲ. ಆದರೂ ಆಲ್ತಾ ಅಷ್ಟನ್ನು ತಮ್ಮನಿಗೆ ಬಿಟ್ಟುಕೊಟ್ಟು, ಕಡ್ಡಿಗಳನ್ನು ಎತ್ತಿಕೊಂಡಳು.